‘ಸರ್ವರ್ ಇಲ್ಲ’ ಅಂದರೆ ಯಾರ ಕೂಲಿ ಹೋಯಿತು?

ಕಳೆದ ವಾರದ ಮಂಗಳವಾರ, ಬೆಳಗ್ಗೆ ಹತ್ತೂಕಾಲು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕರಲ್ಲೊಂದು ಊರು. ಯಾವ ಊರು, ಯಾವ ಕಚೇರಿ ಎಂದು ಹೇಳಿ ಕೌಂಟರಿನ ಹುಡುಗನನ್ನು ಸಿಕ್ಕಿಸುವುದಿಲ್ಲ. ಅವನ ತಪ್ಪು ಏನೂ ಇರಲಿಲ್ಲ. ನನ್ನ ಮುಂದೆ 11 ಜನ ಇದ್ದರು. ಎಲ್ಲರಿಗಿಂತ ಮುಂದೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್, ರೇಷನ್ ಕಾರ್ಡು, ಮೊಮ್ಮಗಳ ಶಾಲೆಯಿಂದ ತಂದ ಚೀಟಿ. ಮಗುವಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಿತ್ತು.

“ಸರ್ವರ್ ಬಿಜಿ ಐತಮ್ಮ, ಒಸಿ ತಡೀರಿ.”

“ಮೊನ್ನೇನೂ ಇದೇ ಅಂದ್ಯಲ್ಲಪ್ಪ. ಇವತ್ತು ಟಮಾಟ ಕೀಳಾಕ್ಕೆ ಓಗ್ದೆ ಬಂದಿವ್ನಿ.”

ಹುಡುಗ ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದ. ಬಿಳಿ ಪರದೆಯ ನಡುವೆ ಒಂದು ಸಣ್ಣ ನೀಲಿ ಚಕ್ರ ಗಿರಗಿರ ತಿರುಗುತ್ತಿತ್ತು. ಕೈಗಡಿಯಾರ ನೋಡಿಕೊಂಡೆ. 1 ನಿಮಿಷ 50 ಸೆಕೆಂಡು ತಿರುಗಿ, ಪುಟ ಖಾಲಿಯಾಯಿತು. ಹುಡುಗ ಮತ್ತೆ ಒತ್ತಿದ. ಮತ್ತೆ ಚಕ್ರ. ಈ ಬಾರಿ ಒಳಗೆ ಹೋಗುವ ಪುಟ ಬಂತು, ಹೆಸರು, ಪಾಸ್‌ವರ್ಡು ಹಾಕಿದ, ಒಟಿಪಿ ಬರಬೇಕಿತ್ತು, ಬರಲಿಲ್ಲ. ಬಂದಾಗ ಪುಟದ ಹೊತ್ತು ಮೀರಿ ಅದು ಅವನನ್ನು ಹೊರಗೆ ಹಾಕಿತ್ತು. ಹನ್ನೊಂದೂವರೆಯ ಹೊತ್ತಿಗೆ ಆ ತಾಯಿ ಕವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಬಸ್ಸಿಗೆ ಕಾಸು ಕೊಡಬೇಕಿಲ್ಲ, ಹೆಂಗಸರಿಗೆ ಶಕ್ತಿ ಯೋಜನೆ ಇದೆ. ಹೋದದ್ದು ಕೂಲಿ.

ಎದುರಿಗಿದ್ದ ಅಂಗಡಿಯಲ್ಲಿ ಟೀ ಕುಡಿದೆ. ಹತ್ತು ರೂಪಾಯಿ. ಕ್ಯೂಆರ್ ಚೀಟಿಗೆ ಫೋನು ಹಿಡಿದೆ, ನಾಲ್ಕು ಅಂಕಿ ಒತ್ತಿದೆ, ಜೇಬಿಗೆ ಫೋನು ಇಳಿಸುವುದರೊಳಗೆ ಅಂಗಡಿಯ ಡಬ್ಬಿ ಹಣ ಬಂತೆಂದು ಕೂಗಿ ಹೇಳಿತು. ಕಚೇರಿಗೂ ಅಂಗಡಿಗೂ ನಡುವೆ ಒಂದು ರಸ್ತೆ ಅಷ್ಟೆ. ಅದೇ ಊರು, ಅದೇ ಟವರು, ಅದೇ ಗಳಿಗೆ. ನನ್ನ ಬ್ಯಾಂಕು ಬೇರೆ, ಅಂಗಡಿಯವನ ಬ್ಯಾಂಕು ಬೇರೆ, ನಡುವೆ ಯುಪಿಐ ನಡೆಸುವ ಮುಂಬೈಯ ಎನ್‌ಪಿಸಿಐ. ಇಷ್ಟು ಮಂದಿ ಒಬ್ಬರನ್ನೊಬ್ಬರು ಕೇಳಿ, ಒಪ್ಪಿ, ಲೆಕ್ಕ ಬರೆದು ಮುಗಿಸಲು ನಾಲ್ಕೈದು ಸೆಕೆಂಡು ಸಾಕಾಯಿತು.

ಅಂದಿನಿಂದ ನನಗೆ ‘ನೆಟ್‌ವರ್ಕ್ ಇಲ್ಲ ಸಾರ್’ ಎಂಬ ಮಾತನ್ನು ಸುಮ್ಮನೆ ಒಪ್ಪಲು ಆಗುತ್ತಿಲ್ಲ. ಕೆಲವು ಹಳ್ಳಿಗಳಲ್ಲಿ ಸಿಗ್ನಲ್ ಇಲ್ಲ, ನಿಜ. ಮುಳಬಾಗಿಲು ದಾಟಿ ನಂಗಲಿಯ ಕಡೆ ಹೋದರೆ ಫೋನು ಒಮ್ಮೆ ನಮ್ಮ ಕಡೆಯ ಟವರನ್ನು ಹಿಡಿಯುತ್ತದೆ, ಒಮ್ಮೆ ಆಂಧ್ರದ ಕಡೆಯದನ್ನು. ಆದರೆ ತಾಲ್ಲೂಕು ಕೇಂದ್ರದ ನಡುಮಧ್ಯೆ, ವಿಡಿಯೊ ಓಡುವ ಜಾಗದಲ್ಲಿ, ಒಂದು ಅರ್ಜಿ ನಮೂನೆ ತೆರೆಯುವುದಿಲ್ಲ ಎಂದರೆ ಅದರ ಕಾರಣ ಗಾಳಿಯಲ್ಲಿಲ್ಲ, ಆ ತಾಣವನ್ನು ಕಟ್ಟಿದ ರೀತಿಯಲ್ಲಿದೆ. ದೂರದ ನೆಪವೂ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಕೋಲಾರ ಸುಮಾರು 70 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸಲ ಹೋಗಿ ಬರಬಹುದು.

ಹಾಗಾದರೆ ಹೊತ್ತು ಎಲ್ಲಿ ಹೋಗುತ್ತದೆ? ಮೊದಲನೆಯ ಕಾರಣ ತೂಕ. ಪುಟಕ್ಕೂ ತೂಕವಿದೆ, ಅದನ್ನು ಕೆಬಿ, ಎಂಬಿಗಳಲ್ಲಿ ಅಳೆಯುತ್ತಾರೆ. 4 ಎಂಬಿ ತೂಕದ ಪುಟ ಸೆಕೆಂಡಿಗೆ 1 ಮೆಗಾಬಿಟ್ ಹರಿಯುವ ಸಂಪರ್ಕದಲ್ಲಿ ಇಳಿಯಲು 32 ಸೆಕೆಂಡು ಬೇಕು. ಒಂದು ಎಂಬಿಗೆ ಎಂಟು ಮೆಗಾಬಿಟ್, ಗುಣಿಸಿ ನೋಡಿ. ಅದೇ ಪುಟವನ್ನು 400 ಕೆಬಿಗೆ ಇಳಿಸಿದರೆ ಮೂರು ಸೆಕೆಂಡು ಚಿಲ್ಲರೆ. ಟವರು ಬದಲಾಗಲಿಲ್ಲ, ಫೋನು ಬದಲಾಗಲಿಲ್ಲ, ಹೊರೆ ಇಳಿಯಿತು.

ಆ ಹೊರೆಯಲ್ಲಿ ಇರುವುದೇನು ಎಂದು ಬಿಚ್ಚಿ ನೋಡಿದರೆ ಬೇಸರವಾಗುತ್ತದೆ. ಮುಖಪುಟದ ಮೇಲೆ ಒಂದಾದ ಮೇಲೊಂದು ಜಾರುವ ಅಗಲವಾದ ಫೋಟೋಗಳು. ಸಮಾರಂಭದ ದೀಪ ಬೆಳಗಿಸುವ ಚಿತ್ರ. ಎಂದೋ ಮುಗಿದ ಕಾರ್ಯಕ್ರಮದ ಬ್ಯಾನರು. ಅಕ್ಷರಗಳಲ್ಲಿ ಹಾಕಬಹುದಾಗಿದ್ದ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿಸಿ ಹಾಕಿದ ಕಡತಗಳು. ಯಾರೂ ಬಳಸದ ಗುಂಡಿಗಳಿಗಾಗಿ ತಂದು ಸುರಿದ ಜಾವಾಸ್ಕ್ರಿಪ್ಟ್. ಅರ್ಜಿ ಹಾಕಲು ಬಂದವರು ಇವೆಲ್ಲ ಇಳಿದು ಮುಗಿಯುವ ತನಕ ಕಾಯಬೇಕು. ಬ್ರಿಟನ್ ಸರ್ಕಾರದ ತಾಣವನ್ನು ನಡೆಸುವವರು 2022ರಲ್ಲಿ ತಮ್ಮ ಪುಟಗಳಿಂದ ಜೆಕ್ವೆರಿ ಎಂಬ ಒಂದು ಹಳೆಯ ಸಲಕರಣೆಯನ್ನು ತೆಗೆದುಹಾಕಿದರು. ಉಳಿತಾಯವಾದದ್ದು ಪುಟವೊಂದಕ್ಕೆ ಬರೀ 32 ಕೆಬಿ. ಅಷ್ಟಕ್ಕೆ ಯಾಕೆ ಇಷ್ಟು ಕಷ್ಟ ಎಂದು ಕೇಳಿದವರಿದ್ದರು. ಆಮೇಲೆ ಅಳೆದು ನೋಡಿದಾಗ ಹೆಚ್ಚು ಲಾಭವಾದದ್ದು ನಿಧಾನದ ಸಂಪರ್ಕ, ಹಳೆಯ ಫೋನು ಇಟ್ಟುಕೊಂಡ ಜನರಿಗೆ. ಅಂದರೆ ನಮ್ಮಂಥವರಿಗೆ. ಬೆಂಗಳೂರಿನ ಕಚೇರಿಯಲ್ಲಿ ಹೊಸ ಲ್ಯಾಪ್‌ಟಾಪಿನಲ್ಲಿ ಕೂತು ತಾಣ ಕಟ್ಟುವ ಎಂಜಿನಿಯರ್‌ಗೆ ಈ 32 ಕೆಬಿ ಕಾಣಿಸುವುದೇ ಇಲ್ಲ. ರೋಣೂರಿನ ರೈತನ ಏಳು ಸಾವಿರ ರೂಪಾಯಿಯ ಫೋನಿನಲ್ಲಿ ಅದು ಕಾಣಿಸುತ್ತದೆ.

ಕನ್ನಡದಲ್ಲಿ ಪುಟ ಮಾಡಿದರೆ ಭಾರವಾಗುತ್ತದೆ ಎಂದು ಒಬ್ಬರು ನನಗೆ ವಾದಿಸಿದರು. ಇದಕ್ಕೆ ಉತ್ತರ ಹೇಳಲೇಬೇಕು. ಯುಟಿಎಫ್-8 ಎಂಬ ಈಗಿನ ಬರವಣಿಗೆಯ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. ಇಂಗ್ಲಿಷಿನಲ್ಲಿ ‘ಕೋಲಾರ’ ಐದು ಬೈಟ್. ಕನ್ನಡದಲ್ಲಿ ಕ, ಓ ಸ್ವರದ ಗುರುತು, ಲ, ಆ ಸ್ವರದ ಗುರುತು, ರ, ಹೀಗೆ ಐದು ಚಿಹ್ನೆಗಳು, ಒಟ್ಟು 15 ಬೈಟ್. ‘ಶ್ರೀನಿವಾಸಪುರ’ಕ್ಕೆ 36. ಮೂರು ಪಟ್ಟು ಎನ್ನುವುದು ದೊಡ್ಡದಾಗಿ ಕೇಳಿಸುತ್ತದೆ. ಆದರೆ ಆ ಜಾರುವ ಬ್ಯಾನರು ಒಂದೇ 2 ಎಂಬಿ ಇದ್ದರೆ, ಅದರ ಜಾಗದಲ್ಲಿ ‘ಕೋಲಾರ’ ಎಂಬ ಪದವನ್ನು 1 ಲಕ್ಷ 33 ಸಾವಿರ ಸಲ ಬರೆಯಬಹುದು. ಅಕ್ಷರಗಳನ್ನು ಕಳಿಸುವ ಮುಂಚೆ ಒತ್ತಿ ಚಿಕ್ಕದು ಮಾಡುವ ವಿದ್ಯೆಯೂ ಪ್ರತಿ ಸರ್ವರಿನಲ್ಲಿದೆ. ಒಂದು ಸಾಲು ಬರೆದು ಅದನ್ನು ಚಾಲೂ ಮಾಡಬೇಕಷ್ಟೆ. ಭಾರ ಬರುವುದು ಫಾಂಟಿನಿಂದ. ನಮ್ಮ ಒತ್ತಕ್ಷರ, ಗುಣಿತಗಳಿಗೆ ನೂರಾರು ರೂಪಗಳು ಬೇಕಾಗುವುದರಿಂದ ಕನ್ನಡದ ಫಾಂಟ್ ಕಡತ ದೊಡ್ಡದೇ ಇರುತ್ತದೆ. ಅದನ್ನು ಪ್ರತಿ ಪುಟದ ಜೊತೆ ಕಳಿಸಬೇಕಾದ್ದೇ ಇಲ್ಲ. ಇವತ್ತಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಮೊದಲೇ ಕೂತಿದೆ. ಆದ್ದರಿಂದ ಕನ್ನಡದ ಮೇಲೆ ತಪ್ಪು ಹೊರಿಸುವ ಮಾತನ್ನು ಯಾವ ಅಧಿಕಾರಿಯ ಬಾಯಲ್ಲೂ ಇನ್ನು ಕೇಳಬಾರದು.

ಎರಡನೆಯ ಕಾರಣ ಓಡಾಟ. ಜಮೀನಿನ ದಾಖಲೆ ಹುಡುಕುವವರಿಗೆ ಇದು ಚೆನ್ನಾಗಿ ಗೊತ್ತು. ಜಿಲ್ಲೆ ಆರಿಸಿ, ಕಾಯಿರಿ. ತಾಲ್ಲೂಕು ಆರಿಸಿ, ಕಾಯಿರಿ. ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ, ಯಾವ ವರ್ಷ. ಒಂದೊಂದು ಆಯ್ಕೆಗೂ ಫೋನು ಸರ್ವರಿನ ಬಾಗಿಲು ತಟ್ಟಿ ‘ಮುಂದೇನು’ ಎಂದು ಕೇಳುವ ಹಾಗೆ ತಾಣ ಕಟ್ಟಿದ್ದರೆ ಒಂದು ಪಹಣಿಗೆ ಏಳೆಂಟು ಸಲ ಹೋಗಿ ಬರಬೇಕು. ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿಗಳು ಕಸಬಾ, ರೋಣೂರು, ಯಲ್ದೂರು, ನೆಲವಂಕಿ, ರಾಯಲ್ಪಾಡು. ಇವು ನಿನ್ನೆಯೂ ಇವೇ, ನಾಳೆಯೂ ಇವೇ. ಈ ಪಟ್ಟಿಯನ್ನು, ಹಳ್ಳಿಗಳ ಹೆಸರಿನ ಸಮೇತ, ಮೊದಲ ಸಲವೇ ಫೋನಿಗೆ ಕಳಿಸಿ ಅಲ್ಲೇ ಇಟ್ಟುಬಿಡಬಹುದು. ಕೆಲವೇ ಕೆಬಿ. ಆಮೇಲೆ ಸರ್ವರನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಸರ್ವೆ ನಂಬರಿನ ಪಹಣಿ ಕೊಡು. ಸರ್ವರಿಗೂ ಹಗುರ, ನಮಗೂ ಹಗುರ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಅರ್ಜಿದಾರರ ಫೋಟೋ 50 ಕೆಬಿ ಒಳಗಿರಬೇಕು, ದಾಖಲೆ 200 ಕೆಬಿ ಒಳಗಿರಬೇಕು ಎಂದು ಹಲವು ತಾಣಗಳು ಕಟ್ಟುನಿಟ್ಟು ಮಾಡುತ್ತವೆ. ಫೋನಿನಲ್ಲಿ ತೆಗೆದ ಫೋಟೋ 4 ಎಂಬಿ ಇರುತ್ತದೆ. ಅದನ್ನು ಚಿಕ್ಕದು ಮಾಡಿಸಲು ಜನ ಸೈಬರ್ ಸೆಂಟರಿಗೆ ಹೋಗಿ ಇಪ್ಪತ್ತು, ಮೂವತ್ತು ರೂಪಾಯಿ ಕೊಡುತ್ತಾರೆ. ಫೋಟೋ ಆರಿಸಿದ ಕೂಡಲೇ ಅದನ್ನು ಫೋನಿನಲ್ಲೇ ಕುಗ್ಗಿಸಿ ಕಳಿಸುವ ಕೆಲಸವನ್ನು ತಾಣವೇ ಮಾಡಬಹುದು, ಅದಕ್ಕೆ ಬೇಕಾದ ಸೌಲಭ್ಯ ಪ್ರತಿ ಬ್ರೌಸರಿನಲ್ಲೂ ಇದೆ. ತನ್ನ ಬ್ಯಾನರಿಗೆ ಮಿತಿ ಹಾಕಿಕೊಳ್ಳದ ತಾಣ ಮುದುಕಿಯ ಫೋಟೋಗೆ ಮಿತಿ ಹಾಕುವುದು ನ್ಯಾಯವಲ್ಲ.

ಮೂರನೆಯದು ನೂಕುನುಗ್ಗಲು. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ತಾಣ ಮೊದಲ ದಿನಗಳಲ್ಲೇ ಬಳಲಿತು. ತಾಣ ತೆರೆಯದೆ ಇದ್ದಾಗ ನಾವೆಲ್ಲ ಮಾಡುವುದೇನು? ಮತ್ತೆ ಒತ್ತುತ್ತೇವೆ. ಹತ್ತು ಸಲ ಒತ್ತುತ್ತೇವೆ. ಹಿಂದಿನ ಒಂಬತ್ತು ಕೋರಿಕೆಗಳು ಇನ್ನೂ ಸರ್ವರಿನ ಸಾಲಿನಲ್ಲಿ ನಿಂತೇ ಇರುತ್ತವೆ, ಹತ್ತನೆಯದು ಅವುಗಳ ಹಿಂದೆ ನಿಲ್ಲುತ್ತದೆ. ಒಬ್ಬ ಮನುಷ್ಯ ಹತ್ತು ಜನರಾಗುತ್ತಾನೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಸಿದಾಗ ಕಾರಣ ಬೇರೆ ಇತ್ತು. ನಕಲಿ ಖಾತೆಗಳಿಂದ ಲಕ್ಷಗಟ್ಟಲೆ ಕೋರಿಕೆಗಳನ್ನು ಬೇಕೆಂದೇ ಸುರಿದಿದ್ದರು, ಪೊಲೀಸ್ ಕೇಸೂ ಆಯಿತು. ಉಪನೋಂದಣಿ ಕಚೇರಿಗಳ ಮುಂದೆ ಜನ ದಿನಗಟ್ಟಲೆ ಅಲೆದರು. ಆದರೆ ದಾಳಿಯನ್ನು ತಡೆಯುವ ವ್ಯವಸ್ಥೆ ಮತ್ತು ನಿಜವಾದ ನೂಕುನುಗ್ಗಲನ್ನು ತಾಳುವ ವ್ಯವಸ್ಥೆ ಬಹುಪಾಲು ಒಂದೇ. ಒಬ್ಬರಿಂದ ಎಷ್ಟು ಕೋರಿಕೆ ಬರಬಹುದು ಎಂಬ ಮಿತಿ, ಬಂದವರಿಗೆ ‘ನಿಮ್ಮ ಸರದಿ ಇಷ್ಟನೆಯದು’ ಎಂದು ಹೇಳುವ ಒಂದು ಹಗುರವಾದ ಕಾಯುವ ಪುಟ, ಬದಲಾಗದ ಮಾಹಿತಿಯನ್ನು ಬೇರೆ ಕಡೆಯಿಂದ ಕೊಡುವ ಏರ್ಪಾಟು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಎಂದಲ್ಲ. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಮೊದಲಿಗೆ ಪ್ರತಿಯೊಬ್ಬರಿಗೂ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಎಂದು ಎಸ್‌ಎಂಎಸ್ ಕಳಿಸುವ ಕ್ರಮ ಮಾಡಿದ್ದರು. ಅದು ಬಹಳ ಒಳ್ಳೆಯ ಯೋಚನೆ. ಅದೇ ಯೋಚನೆಯನ್ನು ದಿನನಿತ್ಯದ ಸೇವೆಗಳಿಗೂ ತರಬೇಕೆಂದು ಕೇಳುತ್ತಿದ್ದೇನೆ.

ನಿಧಾನ ಎಂದರೆ ಎಷ್ಟು ಎಂಬುದಕ್ಕೂ ಅಳತೆಯಿದೆ. ಯಾಕೋಬ್ ನೀಲ್ಸನ್ ಎಂಬ ತಜ್ಞರು 1993ರಲ್ಲೇ ಮೂರು ಗಡಿ ಗುರುತಿಸಿದರು. ಒತ್ತಿದ್ದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಉತ್ತರ ಬಂದರೆ ನಮ್ಮ ಕೈಯೇ ಕೆಲಸ ಮಾಡಿದಂತೆ ಅನಿಸುತ್ತದೆ. ಒಂದು ಸೆಕೆಂಡಿನ ತನಕ ಯೋಚನೆ ಕಡಿಯುವುದಿಲ್ಲ. ಹತ್ತು ಸೆಕೆಂಡು ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಈಗ ಗೂಗಲ್ ಇಟ್ಟುಕೊಂಡಿರುವ ಅಳತೆಯಂತೆ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು. ಗುಂಡಿ ಒತ್ತಿದರೆ 200 ಮಿಲಿಸೆಕೆಂಡಿನೊಳಗೆ ಪರದೆಯ ಮೇಲೆ ಏನಾದರೂ ಬದಲಾಗಬೇಕು. ಇವನ್ನು ಅಳೆಯುವ ಸಲಕರಣೆ ಪುಕ್ಕಟೆ ಸಿಗುತ್ತದೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂದು ಹುಡುಕಿ ತಾಣದ ವಿಳಾಸ ಹಾಕಿದರೆ ಎಲ್ಲಿ ಎಷ್ಟು ಹೊತ್ತು ಹೋಯಿತೆಂದು ಬಿಡಿಸಿ ಹೇಳುತ್ತದೆ. ಪಿಯುಸಿ ಓದುವ ಹುಡುಗರೂ ಮಾಡಬಹುದು.

ನಾನು ಇದನ್ನು ಮೊದಲು ಬಳಸಿದ್ದು ಯಾವ ಸರ್ಕಾರಿ ತಾಣಕ್ಕೂ ಅಲ್ಲ, ಶ್ರೀನಿವಾಸಪುರದ ಪರಿಚಯದವರೊಬ್ಬರ ಮಾವಿನ ಅಂಗಡಿಯ ತಾಣಕ್ಕೆ. ಆ ಕತೆ ಸ್ವಲ್ಪ ಹೇಳುತ್ತೇನೆ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲಕಚ್ಚಿದ್ದು, ಚಿತ್ತೂರಿನ ಕಡೆ ನಮ್ಮ ಹಣ್ಣಿನ ಗಾಡಿಗಳನ್ನು ತಡೆದದ್ದು, ಶ್ರೀನಿವಾಸಪುರ ಬಂದ್ ಆದದ್ದು ಯಾರಿಗೂ ಮರೆತಿಲ್ಲ. ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ಎಂದು ಬೆಲೆ ಗೊತ್ತುಮಾಡಿ, 2.5 ಲಕ್ಷ ಟನ್‌ವರೆಗೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಅಂಥ ಹಣ ರೈತನ ಖಾತೆಗೆ ಬರಬೇಕಾದರೂ ಅವನ ಹೆಸರು, ಜಮೀನು, ಬ್ಯಾಂಕ್ ವಿವರ ಎಲ್ಲ ಕಂಪ್ಯೂಟರಿನಲ್ಲಿ ಸರಿಯಾಗಿ ಕೂತಿರಬೇಕು. ಮಂಡಿಯನ್ನೇ ನಂಬಿ ಕೂತರೆ ಆಗದು ಎಂದು ನನ್ನ ಆ ಪರಿಚಯದವರ ಮಗ ಬಾದಾಮಿ, ಮಲ್ಲಿಕಾ ಹಣ್ಣನ್ನು ಬೆಂಗಳೂರಿನ ಮನೆಗಳಿಗೆ ನೇರ ಕಳಿಸಲು ಒಂದು ತಾಣ ಮಾಡಿಸಿದ. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವೂ ಕರ್ಸಿರಿ ತಾಣದ ಮೂಲಕ ರೈತರ ಹಣ್ಣನ್ನು ಅಂಚೆ ಇಲಾಖೆಯ ಜೊತೆ ಸೇರಿ ಮನೆ ಮುಟ್ಟಿಸುವ ಕೆಲಸ ಮಾಡಿದೆ; ದಾರಿ ಹೊಸದಲ್ಲ.

ಹುಡುಗನ ತಾಣದಲ್ಲಿ 9 ಫೋಟೋ ಇದ್ದವು. ತೋಟ, ಕೊಂಬೆ, ಹುಲ್ಲಿನ ಮೇಲೆ ಹರಡಿದ ಕಾಯಿ, ಅಜ್ಜ ಬುಟ್ಟಿ ಹೊತ್ತು ನಿಂತದ್ದು. ಚೆಂದದ ಫೋಟೋಗಳೇ. ಫೋನಿನಿಂದ ತೆಗೆದವನ್ನು ತೆಗೆದ ಹಾಗೇ ಏರಿಸಿದ್ದ. ಒಂದೊಂದು 4 ಎಂಬಿ. ಮುಖಪುಟ 36 ಎಂಬಿ ತೂಗುತ್ತಿತ್ತು. ಸೆಕೆಂಡಿಗೆ 1 ಮೆಗಾಬಿಟ್ ಸಂಪರ್ಕದಲ್ಲಿ ಅದು ಪೂರ್ತಿ ಇಳಿಯಲು ಸುಮಾರು ಐದು ನಿಮಿಷ. ಫೋನಿನಲ್ಲಿ ಪುಟ ತೆರೆಯಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಶೇಕಡಾ 53 ಭೇಟಿಗಳು ಅಲ್ಲಿಗೇ ಮುಗಿಯುತ್ತವೆ ಎಂದು ಗೂಗಲ್ ಹಿಂದೆಯೇ ಲೆಕ್ಕ ಕೊಟ್ಟಿತ್ತು. ಹಣ್ಣು ಎಷ್ಟು ಸಿಹಿಯಿದ್ದರೇನು, ಕೊಳ್ಳುವವರು ಅದನ್ನು ನೋಡುವ ಮೊದಲೇ ಹೊರಟುಹೋಗಿರುತ್ತಾರೆ.

ಅವರ ಮನೆಯ ಜಗಲಿಯಲ್ಲಿ ಕೂತು ಒಂದು ಮಧ್ಯಾಹ್ನ ಕೆಲಸ ಮಾಡಿದೆವು. ಫೋಟೋಗಳ ಅಗಲ ಕಡಿಮೆ ಮಾಡಿ ವೆಬ್‌ಪಿ ರೂಪಕ್ಕೆ ತಿರುಗಿಸಿದಾಗ ಒಂದೊಂದೂ ನೂರು ಕೆಬಿಯೊಳಗೆ ಬಂತು. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಕಾಯಿಯ ಮೇಲಿನ ಸೊನೆಯ ಗೆರೆ ಕೂಡ ಹಾಗೇ ಕಾಣುತ್ತಿತ್ತು. ಮೊದಲ ಫೋಟೋ ಮಾತ್ರ ಕೂಡಲೇ ಬರಲಿ, ಮಿಕ್ಕವು ಪರದೆ ಕೆಳಗೆ ಸರಿಸಿದಾಗ ಬರಲಿ ಎಂದು ಮಾಡಿದೆವು. ಫೋಟೋ ಬರುವ ಮೊದಲೇ ಅದರ ಜಾಗ ಕಾಯ್ದಿಟ್ಟೆವು. ಇಲ್ಲದಿದ್ದರೆ ಅದು ತಡವಾಗಿ ಬಂದು ಕೆಳಗಿನ ಗುಂಡಿಯನ್ನು ನೂಕುತ್ತದೆ, ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತುತ್ತೇವೆ. ಇನ್ನೊಂದು ತೊಂದರೆ ಹುಡುಗನೇ ಹೇಳಿದ: “ಅಣ್ಣ, ಒಬ್ಬರೇ ಎರಡೆರಡು ಬಾಕ್ಸ್ ಆರ್ಡರ್ ಮಾಡ್ಬಿಟ್ಟು ಆಮೇಲೆ ಫೋನ್ ಮಾಡಿ ಬೇಡ ಅಂತಾರೆ.” ಕಾರಣ ಇಷ್ಟೆ. ಗುಂಡಿ ಒತ್ತಿದರೆ ನಾಲ್ಕು ಸೆಕೆಂಡು ಏನೂ ಆಗುತ್ತಿರಲಿಲ್ಲ, ಜನ ಮತ್ತೊಮ್ಮೆ ಒತ್ತುತ್ತಿದ್ದರು. ಒತ್ತಿದ ತಕ್ಷಣ ಗುಂಡಿಯ ಮೇಲೆ ‘ಕಳಿಸುತ್ತಿದ್ದೇವೆ’ ಎಂದು ಬರುವಂತೆ, ಎರಡನೇ ಸಲ ಒತ್ತಲಾಗದಂತೆ ಮಾಡಿದ ಮೇಲೆ ಆ ದೂರು ನಿಂತಿತು. ಖರ್ಚು ಒಂದು ರೂಪಾಯಿಯೂ ಇಲ್ಲ. ಒಂದು ಲೋಟ ಪಾನಕ ಅವರೇ ಕೊಟ್ಟರು.

ಟೊಮೆಟೊ ಕಡೆಗೂ ಒಂದು ಮಾತು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಕಿತ್ತ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದದ್ದನ್ನೂ ನೋಡಿದ್ದೇವೆ. ಹರಾಜಿನ ಹೊತ್ತಿಗೆ ದರ ತಿಳಿಯಲು ರೈತರು ವಾಟ್ಸಾಪ್ ಗುಂಪು ನೋಡುತ್ತಾರೆ. ಸಿಗ್ನಲ್ ಒಂದು ಕಡ್ಡಿ ಇದ್ದರೂ ಒಂದು ಸಾಲು ಅಕ್ಷರ ಬಂದು ಬೀಳುತ್ತದೆ. ಅಧಿಕೃತ ದರವನ್ನೂ ಹಾಗೇ ಒಂದು ಸಾಲಿನಲ್ಲಿ, ಚಿತ್ರವಿಲ್ಲದೆ ಕೊಟ್ಟರೆ ಜನ ಅದನ್ನೇ ನೋಡುತ್ತಾರೆ.

ಅದೇ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಜಗತ್ತಿಗೆಲ್ಲ ಹೋಗುವ ಐಫೋನ್ ಜೋಡಿಸುತ್ತಾರೆ. ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು. ನಮ್ಮ ಹೆಣ್ಣುಮಕ್ಕಳ ಕೈ ಅಲ್ಲಿ ದುಡಿಯುತ್ತಿದೆ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲೂ ಶಿಫ್ಟಿನ ಮೇಲೆ ಶಿಫ್ಟು. ಈ ಹುಡುಗ ಹುಡುಗಿಯರಿಗೆ ಕಚೇರಿ ತೆರೆದಿರುವ ಹೊತ್ತಿನಲ್ಲಿ ರಜೆ ಸಿಗುವುದಿಲ್ಲ. ರಾತ್ರಿ ಹತ್ತಕ್ಕೆ ಕೋಣೆಗೆ ಬಂದು ಫೋನಿನಲ್ಲಿ ಅರ್ಜಿ ಹಾಕಬೇಕಾದವರು ಅವರು. ಅರ್ಧ ತುಂಬಿದ ನಮೂನೆ ನಡುವೆ ನೆಟ್ ಹೋಯಿತೆಂದು ಅಳಿಸಿಹೋಗಬಾರದು, ಬರೆದಷ್ಟು ಫೋನಿನಲ್ಲೇ ಉಳಿದಿರಬೇಕು. ಕೋಷ್ಟಕವನ್ನು ಎಡಕ್ಕೂ ಬಲಕ್ಕೂ ಎಳೆದು ಎಳೆದು ಓದುವಂತಿರಬಾರದು. ಕಂಪ್ಯೂಟರಿನ ಅಗಲ ಪರದೆಗೆಂದು ಮಾಡಿದ ಪುಟವನ್ನು ಫೋನಿಗೆ ತುರುಕಿ ‘ಆನ್‌ಲೈನ್ ಸೌಲಭ್ಯ ಕೊಟ್ಟಿದ್ದೇವೆ’ ಎನ್ನುವುದು ಸಾಲದು.

ಈಗ ಸಕಾಲದ ವಿಷಯ. ನನ್ನ ಮುಖ್ಯ ಮಾತು ಇರುವುದೇ ಇಲ್ಲಿ. 2011ರ ಕಾಯ್ದೆಯಡಿ 2012ರ ಏಪ್ರಿಲ್ 2ರಂದು ಸಕಾಲ ಶುರುವಾದಾಗ ಅದು ದೊಡ್ಡ ಹೆಜ್ಜೆಯಾಗಿತ್ತು. ಯಾವ ಸೇವೆಗೆ ಎಷ್ಟು ದಿನ ಎಂದು ಗೊತ್ತುಮಾಡಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಕೊಟ್ಟಿತು. ಆದರೆ ಸಕಾಲದ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಕಂಪ್ಯೂಟರಿನೊಳಗೆ ಹೋಗಿ ಜಿಎಸ್‌ಸಿ ಎಂಬ ಸ್ವೀಕೃತಿ ಸಂಖ್ಯೆ ಹುಟ್ಟಿದ ಮೇಲೆ. ತಾಣವೇ ತೆರೆಯದಿದ್ದರೆ ಸಂಖ್ಯೆ ಹುಟ್ಟುವುದಿಲ್ಲ. ಆ ತಾಯಿ ಮೊನ್ನೆ ಬಂದದ್ದು, ಇವತ್ತು ಬಂದದ್ದು ಯಾವ ಲೆಕ್ಕದಲ್ಲೂ ಇಲ್ಲ. ಕಚೇರಿಯ ಕಾಗದಗಳ ಪ್ರಕಾರ ಅವರು ಬಂದೇ ಇಲ್ಲ.

ಲೆಕ್ಕ ನಾನು ಹಾಕುತ್ತೇನೆ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದನ್ನೇ ಹಿಡಿದರೂ ಅವತ್ತು ನನ್ನ ಮುಂದಿದ್ದ 11 ಜನರದ್ದು 4,070 ರೂಪಾಯಿ. ಒಂದು ಊರಿನ ಒಂದು ಕೌಂಟರಿನ ಒಂದು ಬೆಳಗ್ಗೆ.

ಆದ್ದರಿಂದ ಕೇಳುವುದು ಇಷ್ಟು. ಸರ್ವರ್ ಇಲ್ಲದ ದಿನ ಬಂದವರ ಹೆಸರು, ಫೋನ್ ನಂಬರು, ಹೊತ್ತು ಒಂದು ಪುಸ್ತಕದಲ್ಲಿ ಬರೆದುಕೊಂಡು, ದಾಖಲೆಗಳ ಫೋಟೋ ತೆಗೆದುಕೊಂಡು, ಅವರಿಗೊಂದು ಮೊಹರು ಹಾಕಿದ ಚೀಟಿ ಕೊಡಲಿ. ಸಕಾಲದ ಗಡಿಯಾರ ಆ ಚೀಟಿಯ ದಿನದಿಂದ ಓಡಲಿ. ಸರ್ವರ್ ಬಂದ ಮೇಲೆ ಸಿಬ್ಬಂದಿ ಅರ್ಜಿ ಏರಿಸಿ ಫೋನ್ ಮಾಡಿ ಹೇಳಲಿ. ಬೆರಳಚ್ಚು ಬೇಕೇ ಬೇಕಾದ ಕೆಲಸಕ್ಕೆ ಮಾತ್ರ ಮತ್ತೆ ಕರೆಯಲಿ. ಎನ್‌ಪಿಸಿಐ ಯುಪಿಐಗೆ ಸಂಬಂಧಿಸಿ ಪ್ರತಿ ತಿಂಗಳೂ ಯಾವ ಬ್ಯಾಂಕಿನಲ್ಲಿ ತಾಂತ್ರಿಕ ಕಾರಣದಿಂದ ಶೇಕಡಾ ಎಷ್ಟು ಪಾವತಿ ಬಿದ್ದುಹೋಯಿತು ಎಂದು ಬ್ಯಾಂಕಿನ ಹೆಸರು ಹಾಕಿಯೇ ಪ್ರಕಟಿಸುತ್ತದೆ. ರಾಜ್ಯದ ಪ್ರತಿ ಸೇವಾ ತಾಣವೂ ಹಾಗೇ ತಿಂಗಳಿಗೊಮ್ಮೆ ಪ್ರಕಟಿಸಲಿ: ಎಷ್ಟು ಗಂಟೆ ಕೆಟ್ಟು ಕೂತಿತ್ತು, ಪುಟ ತೆರೆಯಲು ತಾಲ್ಲೂಕುವಾರು ಎಷ್ಟು ಸೆಕೆಂಡು ಹಿಡಿಯಿತು. ಟೆಂಡರ್ ಕರೆಯುವಾಗಲೇ ಬರೆಯಲಿ, ಸಾಧಾರಣ ಫೋನಿನಲ್ಲಿ, ನಿಧಾನದ ಸಂಪರ್ಕದಲ್ಲಿ ಇಷ್ಟು ಸೆಕೆಂಡಿನೊಳಗೆ ತೆರೆಯದಿದ್ದರೆ ಬಿಲ್ ಪಾಸಾಗದು ಎಂದು. ಪರೀಕ್ಷೆ ಬೆಂಗಳೂರಿನಲ್ಲಿ ಬೇಡ, ರಾಯಲ್ಪಾಡಿನಲ್ಲಿ, ನಂಗಲಿಯಲ್ಲಿ ಆಗಲಿ. ಇದನ್ನು ಬರೆದು ಜಿಲ್ಲಾಧಿಕಾರಿ ಕಚೇರಿಗೆ ಈ ವಾರವೇ ಕೊಡುತ್ತಿದ್ದೇನೆ. ನೀವೂ ಬರೆಯಿರಿ. ಬರೆಯುವಾಗ ‘ಬಹಳ ನಿಧಾನ’ ಎನ್ನಬೇಡಿ. ತಾರೀಖು, ಗಂಟೆ, ಎಷ್ಟು ನಿಮಿಷ ಕಾದಿರಿ, ಎಷ್ಟನೇ ಸಲ ಬಂದಿರಿ, ಅಷ್ಟನ್ನು ಬರೆಯಿರಿ.

ಶುಕ್ರವಾರ ನನ್ನ ಕೆಲಸಕ್ಕೆಂದು ಮತ್ತೆ ಅದೇ ಕಚೇರಿಗೆ ಹೋದೆ. ಆ ತಾಯಿಯೂ ಬಂದಿದ್ದರು, ಅದೇ ಕವರು. ಹತ್ತು ಗಂಟೆಗೆ ಸರ್ವರ್ ಇತ್ತು. ಹುಡುಗ ಹೆಸರು ಕೇಳಿದ, ಕಾಗದ ಸ್ಕ್ಯಾನ್ ಮಾಡಿದ, ಒತ್ತಿದ, ಪ್ರಿಂಟರು ಗರ್ ಎಂದು ಚೀಟಿ ಹೊರಹಾಕಿತು. ಗಡಿಯಾರ ನೋಡಿದೆ. 3 ನಿಮಿಷ 40 ಸೆಕೆಂಡು.

“ಇದೇ ಏನಪ್ಪ ಸರ್ಟಿಫಿಕೇಟು?”

“ಇಲ್ಲಮ್ಮ, ಇದು ಅರ್ಜಿ ಕೊಟ್ಟಿದ್ದಕ್ಕೆ ಚೀಟಿ. ಇನ್ಮೇಲೆ ದಿನ ಲೆಕ್ಕ.”

ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕವರಿನೊಳಗೆ, ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಂಡು, ಹತ್ತೂಮುಕ್ಕಾಲಿನ ಬಸ್ಸು ಹೋಯಿತೇನೋ ಎಂದು ಬಾಗಿಲ ಕಡೆ ನೋಡಿದರು.